ಕೋಣೆಯ ಮೌನ, ಒಂದು ನಿಮಿಷ

ಬಾಯಿ ಮುಚ್ಚು ಎಂದು ಹಾರ್ನಣ್ಣನಿಗೆ ಹೇಳಿ ಸೋತವರ ಸಂಖ್ಯೆ ಸಣ್ಣದಲ್ಲ. ಬಸ್ ಡಿಪೋದ ಮ್ಯಾನೇಜರು ಹೇಳಿದ್ದರು, ಪೊಲೀಸರು ಲಾಠಿ ಹಿಡಿದು ಹೇಳಿದ್ದರು, ಒಮ್ಮೆ ಮಂತ್ರಿಯೊಬ್ಬರು ಕಾರಿನ ಗಾಜು ಇಳಿಸಿ ಕೈಮುಗಿದೇ ಹೇಳಿದ್ದರು. ಅವನು ಯಾರ ಮಾತಿಗೂ ಸೊಪ್ಪು ಹಾಕಿದವನಲ್ಲ. ಅಂಥವನಿಗೆ ಮೊದಲ ಭೇಟಿಯ ದಿನವೇ ಹಾಗೆಂದು ಹೇಳಿದವಳು ಅವಳು.

"ಇನ್ನೊಂದು ನಿಮಿಷ ಕೂತಲ್ಲೇ ಕೂತಿರಿ. ಏನೂ ಮಾತಾಡ್ಬೇಡಿ, ಅಲ್ಲಾಡ್ಬೇಡಿ," ಎಂದಳು ಗಾಜಿನ ಈಚೆಯಿಂದ, ಗುಂಡಿ ಒತ್ತಿ.

ಗಾಜಿನ ಆಚೆ ಮೈಕಿನ ಮುಂದೆ ಕೂತಿದ್ದ ಅವನು ಹುಬ್ಬು ಏರಿಸಿದ. "ಹಾಡು ಮುಗೀತಲ್ಲ? ಇನ್ನೇನು ರೆಕಾರ್ಡ್ ಮಾಡ್ತೀರಿ?"

"ಕೋಣೇನ."

"ಖಾಲಿ ಕೋಣೇನಾ!"

"ಒಂದೊಂದು ಕೋಣೆಗೂ ಅದರದ್ದೇ ಮೌನ ಇರುತ್ತೆ. ನೀವು ಹಾಡಿನ ಮಧ್ಯೆ ಕೆಮ್ಮಿದ್ರೆ ಕೆಮ್ಮು ಕತ್ತರಿಸ್ತೀನಿ. ಅಲ್ಲೊಂದು ತೂತು ಬೀಳುತ್ತಲ್ಲ, ಅದಕ್ಕೆ ಈ ಮೌನದ್ದೇ ತೇಪೆ."

"ಅಬ್ಬಾ! ಮೌನಕ್ಕೂ ಟೈಲರ್ ಇದ್ದಾರೆ ಅಂತ ಇವತ್ತು ಗೊತ್ತಾಯ್ತು ನೋಡಿ," ಎಂದು ನಕ್ಕ. ಆ ನಗು ಸ್ಪೀಕರಿನಲ್ಲಿ ಹಾದು ಬಂದು ಅವಳ ಮೇಜನ್ನೆಲ್ಲ ತುಂಬಿತು.

ಗ್ರಂಥಾಲಯದ ನೆಲಮಾಳಿಗೆಯ ಆ ರೆಕಾರ್ಡಿಂಗ್ ಕೋಣೆಯಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಧ್ವನಿ ಇಂಜಿನಿಯರ್. ಕೆಲಸ ಕಲಿಸಿದ ಗುರುಗಳು ಎರಡು ಮಾತು ಹೇಳಿಕೊಟ್ಟಿದ್ದರು. ಮೌನದ ಆ ಒಂದು ನಿಮಿಷದಲ್ಲಿ ಸ್ಪೀಕರಿನ ವಾಲ್ಯೂಮ್ ಪೂರ್ತಿ ಇಳಿಸಿ ಕಿವಿಗೆ ವಿಶ್ರಾಂತಿ ಕೊಡು ಎನ್ನುವುದು ಒಂದು. ಕೇಳಿಸಿಕೊಳ್ಳದೆ ಯಾವ ಟೇಪಿನ ಪೆಟ್ಟಿಗೆಯ ಮೇಲೂ ಚೀಟಿ ಅಂಟಿಸಬೇಡ ಎನ್ನುವುದು ಇನ್ನೊಂದು. ಮೊದಲನೆಯದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಎರಡನೆಯದು ಮಾತ್ರ ಮೌನದ ವಿಷಯದಲ್ಲಿ ಯಾವಾಗಲೋ ಜಾರಿಹೋಗಿತ್ತು. ಖಾಲಿ ಕೋಣೆಯಲ್ಲಿ ಕೇಳುವುದೇನಿದೆ? ವಾಲ್ಯೂಮ್ ಇಳಿಸಿ, ತಲೆ ತಗ್ಗಿಸಿ, ಆ ಅರವತ್ತು ಸೆಕೆಂಡಿನಲ್ಲೇ ಚೀಟಿ ಬರೆದು ಮುಗಿಸುತ್ತಿದ್ದಳು. ತಾರೀಖು, ಹಾಡು, ಮೈಕು. ಕೊನೆಗೊಂದು ಸಾಲು: ಕೋಣೆಯ ಮೌನ, ಒಂದು ನಿಮಿಷ, ಶುದ್ಧ.

ಅವನು ಬಂದದ್ದು ಹಾಡು ಉಳಿಸಿಡುವುದಕ್ಕೆ. ಡಿಪೋದ ಮೆಕ್ಯಾನಿಕ್, ವಯಸ್ಸು ಐವತ್ತೆರಡು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮೂವತ್ತು ವರ್ಷ ಎಲ್ಲ ಮುಷ್ಕರಗಳಲ್ಲೂ ಮುಂದೆ ನಿಂತು ಹಾಡಿದವನು. ಮೈಕಿಲ್ಲದೆ ಮೂರನೇ ಗೇಟಿನವರೆಗೂ ಕೇಳಿಸುವ ಆ ದನಿಗೆ ಜೊತೆಗಾರರು ಹಾರ್ನಣ್ಣ ಎಂದು ಹೆಸರಿಟ್ಟಿದ್ದರು. ಈಗ ಆ ಗಂಟಲಿನಲ್ಲಿ ಗಂಟು. ಹನ್ನೆರಡನೇ ದಿನ ಆಪರೇಷನ್. ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅಲ್ಲಿಯವರೆಗೆ ದಿನಕ್ಕೆ ಅರ್ಧ ಗಂಟೆ ಮಾತ್ರ ಗಂಟಲು ಬಳಸಬಹುದು. ಹಾಗಾಗಿ ದಿನಕ್ಕೊಂದರಂತೆ ಹನ್ನೊಂದು ಹಾಡು ರೆಕಾರ್ಡ್ ಮಾಡಿಸಿಡೋಣವೆಂದು ಯೂನಿಯನ್ನಿನವರು ಅವನನ್ನು ಅವಳ ಹತ್ತಿರ ಕಳಿಸಿದ್ದರು.

ಆ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷವನ್ನು ಅವನು ಹರಟೆಯಲ್ಲೇ ಕಳೆಯುತ್ತಿದ್ದ.

"ನೋಡಿ, ಗಂಟಲು ಉಳಿಸ್ಕೊಳ್ಳಿ."

"ಉಳಿಸಿ ಯಾರಿಗೆ ಕೊಡ್ಲಿ ಇಂಜಿನಿಯರಮ್ಮ?"

ಅವಳು ವೈರು ಸರಿಮಾಡುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದಳು. ಬಗ್ಗಿದವಳು ಸ್ವಲ್ಪ ಹೊತ್ತು ಅಲ್ಲೇ ಇದ್ದಳು, ಮುಖ ಕೆಂಪಾಗಿತ್ತು.

ಮೊದಲ ದಿನ ಅವನು ಹಾಡಿದ್ದು ಹಾಜರಿ ಹಾಡು. ಮುಷ್ಕರದ ಬೆಳಿಗ್ಗೆ ಗೇಟಿನ ಮುಂದೆ ಯಾರು ಬಂದಿದ್ದಾರೆ, ಯಾರು ಹೆದರಿ ಮನೆಯಲ್ಲೇ ಉಳಿದಿದ್ದಾರೆ ಎಂದು ತಿಳಿಯಲು ಹುಟ್ಟಿಕೊಂಡ ಹಾಡು. 'ಗೇಟಿನ ಹೊರಗೆ ಯಾರಿದ್ದೀರಿ?' ಎಂದು ಅವನು ಕೇಳಬೇಕು, 'ನಾನಿದ್ದೀನಿ, ನಾನಿದ್ದೀನಿ' ಎಂದು ಜನ ಹೇಳಬೇಕು. ಇಲ್ಲಿ ಜನ ಎಲ್ಲಿಂದ ಬರಬೇಕು? ಅವನು ಪ್ರಶ್ನೆ ಹಾಡಿ, ಉತ್ತರದ ಜಾಗದಲ್ಲಿ ಸುಮ್ಮನೆ ತೊಡೆ ತಟ್ಟುತ್ತ ಕೂತಿದ್ದ.

"ಪ್ರತಿ ಸಲ ನಾಲ್ಕು ಸೆಕೆಂಡು ಖಾಲಿ ಬಿಟ್ಟಿದ್ದೀರಿ," ಎಂದಳು ಅವಳು.

"ಅದು ಜನರ ಜಾಗ. ನೀವೇ ಹೇಳ್ಬಿಡಿ."

"ಗಾಜಿನ ಈ ಕಡೆಯವರು ಹಾಡಲ್ಲ. ನಾನು ಹಾಡಿದ್ರೆ ನಮ್ಮಕ್ಕ ಎದ್ದು ಹೊರಗೆ ಹೋಗ್ತಾಳೆ."

"ಹಾಗಾದ್ರೆ ಖಾಲೀನೇ ಇರ್ಲಿ. ಯಾರಾದ್ರೂ ಬಂದು ತುಂಬ್ತಾರೆ," ಎಂದ ಅವನು.

ಎರಡನೇ ದಿನ ಮೆರವಣಿಗೆಯ ಬ್ಯಾಂಡಿನ ಧಾಟಿಯದು. ದೊಡ್ಡವರ ಸ್ವಾಗತಕ್ಕೆ ಬಾರಿಸುವ ಟ್ಯೂನನ್ನೇ ಕದ್ದು, ಅದೇ ದೊಡ್ಡವರನ್ನು ಗೇಲಿ ಮಾಡುವ ಹಾಡು. ಮೂರನೇ ದಿನ ಜೋಗುಳ. ಗಂಡ ಜೈಲಿನಲ್ಲಿರುವಾಗ ಒಬ್ಬ ಹೆಂಗಸು ಮಗುವಿಗೆ ಕಟ್ಟಿ ಹಾಡಿದ್ದು, ಪಿಸುದನಿಯಲ್ಲೇ ಹಾಡಬೇಕಾದದ್ದು. ಅದರ ನಡುವೆ ಅವನಿಗೆ ಕೆಮ್ಮು ಬಂತು. ನಾಲ್ಕನೇ ದಿನ ಮದುವೆ ಮನೆಯ ಧಾಟಿಯಲ್ಲಿ ಕಂಡಕ್ಟರುಗಳು ಮ್ಯಾನೇಜರಿಗೆ ಕಟ್ಟಿದ ಬೈಗುಳದ ಹಾಡು. ಐದನೇ ದಿನ ಬೀದಿ ಗುಡಿಸುವವರ ಮಕ್ಕಳು ಕಟ್ಟಿದ ರ‍್ಯಾಪ್. ಉಸಿರು ಸಾಲದೆ ಮೂರು ಕಡೆ ನಿಂತ. ನಿಂತಲ್ಲೆಲ್ಲ ಅವಳ ಉಸಿರೂ ನಿಂತಿತು.

"ಇಷ್ಟು ಹಾಡಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?" ಎಂದು ಒಂದು ದಿನ ಕೇಳಿದಳು.

"ನೀವು ಮೊದಲು ಹೇಳಿ."

ಅವಳು ಸಂಕೋಚಪಡುತ್ತಲೇ ಒಂದು ಹಳೆಯ ಟೇಪು ಹಾಕಿದಳು. ಅವಳ ಕಾಲೇಜು ದಿನಗಳಲ್ಲಿ ಫೀಸು ಏರಿಸಿದ್ದನ್ನು ವಿರೋಧಿಸಿ ಹುಡುಗರ ಗಿಟಾರ್ ಬ್ಯಾಂಡೊಂದು ಹಾಡಿದ್ದು. ಹಾಡಿದ್ದು ಎನ್ನುವುದಕ್ಕಿಂತ ಕಿರುಚಿದ್ದು. ಅವನು ಕೊನೆಯವರೆಗೂ ಕೇಳಿಸಿಕೊಂಡು ಕಿವಿ ಉಜ್ಜಿಕೊಂಡ.

"ಅಟ್ಟದಿಂದ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದ ಹಾಗಿದೆ."

"ಯಾಕೆ? ಸಿಟ್ಟಿಗೂ ರಾಗ ಬೇಕೇ ಬೇಕಾ?"

"ಸಿಟ್ಟಿಗೆ ಬೇಡಪ್ಪ. ಸಾವಿರ ಜನ ಒಟ್ಟಿಗೆ ಹಾಡ್ಬೇಕಲ್ಲ, ಅದಕ್ಕೆ ಬೇಕು. ಇದನ್ನ ಆ ಹುಡುಗರು ಬಿಟ್ಟು ಯಾರು ಹಾಡೋಕಾಗುತ್ತೆ?"

"ಹಾಡೋಕೆ ಬಾರದೋರಿಗೂ ಸಿಟ್ಟು ಬರುತ್ತೆ ಇವ್ರೇ! ನನ್ನಂಥೋರು ಎಲ್ಲಿಗೆ ಹೋಗ್ಬೇಕು? ಕಿರುಚೋದಾದ್ರೆ ನನಗೂ ಬರುತ್ತೆ."

ಅವನು ಅವಳನ್ನೇ ನೋಡಿದ. ಕಣ್ಣಂಚಿನಲ್ಲಿ ಗೆರೆಗಳು ಮೂಡಿದವು, ಬಾಯಿ ಮಾತ್ರ ನಗಲಿಲ್ಲ. ಅವಳು ಟೇಪು ತೆಗೆಯಲು ಹೋಗಿ ಬೇರೆ ಗುಂಡಿ ಒತ್ತಿದಳು.

ಊರೆಲ್ಲ ಅವನನ್ನು ಹಾರ್ನಣ್ಣ ಎನ್ನುತ್ತಿತ್ತು. ಅವಳ ಬಾಯಲ್ಲಿ ಮಾತ್ರ ಆ ಹೆಸರು ಬರಲೊಲ್ಲದು. ಒಂದು ಸಲ ಅಣ್ಣ ಎಂದುಬಿಟ್ಟರೆ ಮುಗಿಯಿತಲ್ಲ! 'ನೋಡಿ', 'ಇವ್ರೇ' ಎಂದೇ ದಿನ ದೂಡುತ್ತಿದ್ದಳು. ಮನೆಯಲ್ಲಿ ಮಾತಿನ ನಡುವೆ ಆ 'ಇವ್ರೇ' ಬಾಯಿಂದ ಜಾರಿದಾಗ ಅಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

"ಏನಂತ ಕರೀತೀಯ ಅವರನ್ನ?"

"ಇವ್ರೇ ಅಂತ."

"ನಿಮ್ಮ ಭಾವನ್ನ ನಾನು ಏನಂತ ಕರೀತಿದ್ದೆ ನೆನಪಿದ್ಯಾ?"

"ಸುಮ್ನಿರೇ ಅಕ್ಕ."

"ನಾನು ಸುಮ್ನಿರ್ತೀನಿ. ನಿಂಗೆ ನಲವತ್ತಾರು ವರ್ಷ ಆಯ್ತು, ನೀನು ಯಾವಾಗ ಬಾಯಿ ಬಿಡ್ತೀಯ?" ಎಂದು ಅಕ್ಕ ಮತ್ತೆ ಚಾಕು ಹಿಡಿದಳು.

ಮರುದಿನ, ಅದು ಏಳನೆಯ ದಿನ, ಮೌನದ ನಿಮಿಷದಲ್ಲಿ ಚೀಟಿ ಬರೆಯುತ್ತ ಅವಳಿಗೆ ಆ ಮಾತು ನೆನಪಾಗಿ ನಗು ಬಂತು. ತಲೆ ತಗ್ಗಿಸಿಕೊಂಡೇ ನಕ್ಕಳು. ಅವನು ಹೊರಗೆ ಬಂದಾಗ ಅವನ ಮುಖ ಅಷ್ಟು ಅರಳಿದ್ದೇಕೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತುವಾಗ ಎರಡು ಸಲ ತಿರುಗಿ ನೋಡಿದ. ಎಂಟನೇ ದಿನ ಬಂದಾಗ ಅದೇ ಮುಖ ಏನನ್ನೋ ಕಾಯುತ್ತಿತ್ತು, ಒಂಬತ್ತನೇ ದಿನದ ಹೊತ್ತಿಗೆ ಅದು ಸ್ವಲ್ಪ ಬಾಡಿತ್ತು. ಆಪರೇಷನ್ ಹತ್ತಿರ ಬಂತಲ್ಲ, ಭಯವಿರಬೇಕು ಎಂದುಕೊಂಡಳು.

ಹತ್ತನೇ ದಿನ ಅವನು ಜೇಬಿನಿಂದ ಎರಡು ಚಮಚ ತೆಗೆದ. "ಇವತ್ತು ಯಾವ ಹಾಡು?" ಎಂದಳು. ಅವನು ಉತ್ತರಿಸದೆ ಚಮಚ ತಟ್ಟುತ್ತ ಶುರುಮಾಡಿದ. ಎರಡು ಸಾಲು ಮುಗಿಯುವವರೆಗೆ ಅವಳಿಗೆ ಗುರುತೇ ಸಿಗಲಿಲ್ಲ. ಆಮೇಲೆ ಕೈ ತಾನಾಗಿ ಬಾಯಿಗೆ ಹೋಯಿತು. ಅವಳ ಗಿಟಾರ್ ಬ್ಯಾಂಡಿನ ಹಾಡು! ಆ ಕಿರುಚಾಟದ ಒಳಗೆ ಎಲ್ಲೋ ಹೂತಿದ್ದ ರಾಗವನ್ನು ಹುಡುಕಿ ತೆಗೆದು, ಬಿರುಕು ಬಿಟ್ಟ ದನಿಯಲ್ಲಿ, ಸಾವಿರ ಜನ ಅಲ್ಲ, ಒಬ್ಬಳು ಕೇಳಿದರೆ ಸಾಕು ಎನ್ನುವಂತೆ ಹಾಡಿದ. ಅವಳು ಅತ್ತಳು. ಅವನಿಗೆ ಕಾಣಬಾರದೆಂದು ಮೌನದ ನಿಮಿಷದಲ್ಲಿ ಎಂದಿಗಿಂತ ಹೆಚ್ಚು ಬಗ್ಗಿ ಬರೆದಳು. ಶುದ್ಧ ಎಂಬ ಪದದ ಮೇಲೆ ಒಂದು ಹನಿ ಬಿತ್ತು.

ಹನ್ನೊಂದನೇ ದಿನ ಹಾಡು ಮುಗಿಯಿತು, ನಿಮಿಷ ಮುಗಿಯಿತು. ಅವಳು ಗುಂಡಿ ಒತ್ತಿ "ಆಯ್ತು" ಎಂದಳು. ಅವನು ಹೊರಗೆ ಬಂದು ಅವಳ ಮೇಜಿನ ಮುಂದೆ ನಿಂತ. ಕೈಯಲ್ಲಿ ಟೋಪಿ ಹಿಡಿದು ತಿರುಗಿಸುತ್ತಿದ್ದ.

"ಏನಾದ್ರೂ ಹೇಳೋದಿದ್ಯಾ?" ಎಂದ, ಬಹಳ ಮೆಲ್ಲಗೆ.

ಇತ್ತು, ಬೆಟ್ಟದಷ್ಟಿತ್ತು. ಆದರೆ ನಾಳೆ ಕತ್ತರಿಯ ಕೆಳಗೆ ಮಲಗುವವನ ಮೇಲೆ ತನ್ನ ಆಸೆಯ ಭಾರ ಯಾಕೆ ಹೇರಬೇಕು? ಹನ್ನೊಂದು ದಿನದಲ್ಲಿ ಅವನೇ ಒಂದು ಮಾತು ಆಡಲಿಲ್ಲವಲ್ಲ. ಮನಸ್ಸಿನಲ್ಲಿ ಇದ್ದಿದ್ದರೆ ಆಡದೆ ಬಿಡುವವನೇ ಇವನು? ಇಷ್ಟನ್ನು ಅವಳು ಒಂದೇ ಉಸಿರಿನಲ್ಲಿ ಯೋಚಿಸಿದಳು.

"ಹುಷಾರಾಗಿ ಹೋಗ್ಬನ್ನಿ," ಎಂದಳು.

ಅವನು ಟೋಪಿ ತಲೆಗೇರಿಸಿದ. "ಸರಿ," ಎಂದ. ಅವಳ ಕಿವಿಗೆ ನೇರವಾಗಿ ಬಿದ್ದ ಅವನ ಕೊನೆಯ ಮಾತು ಅದು.

ಆಪರೇಷನ್ ಚೆನ್ನಾಗಿ ಆಯಿತೆಂದು ಯೂನಿಯನ್ ಆಫೀಸಿಗೆ ಫೋನ್ ಮಾಡಿ ತಿಳಿದುಕೊಂಡಳು. ನೋಡಲು ಹೋಗಲು ತಾನು ಯಾರು ಎಂಬ ಯೋಚನೆಯಲ್ಲೇ ವಾರ ಕಳೆಯಿತು. ಎಂಟನೇ ಬೆಳಿಗ್ಗೆ ಮೂರನೇ ದಿನದ ಜೋಗುಳ ತೆಗೆದಳು. ನಡುವಿನ ಕೆಮ್ಮನ್ನು ಕತ್ತರಿಸಿ ತೇಪೆ ಹಾಕಬೇಕಿತ್ತು. ಅದಕ್ಕೆ ಅದೇ ದಿನದ ಮೌನ ತೆರೆದು, ವಾಲ್ಯೂಮ್ ಏರಿಸಿದಳು.

"ಇಂಜಿನಿಯರಮ್ಮ," ಎಂದಿತು ಮೌನ.

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಗಾಜಿನ ಆಚೆ ನೋಡಿದಳು. ಮೈಕಿನ ಮುಂದೆ ಖಾಲಿ ಕುರ್ಚಿ.

"ಜೋಗುಳ ಹಾಡುವಾಗ ನೀವು ಕಣ್ಣು ಮುಚ್ಚಿದ್ರಿ. ನಾನು ಎರಡು ಸಾಲು ಮರೆತೆ, ನಿಮ್ಮನ್ನ ನೋಡ್ತಾ. ಕೆಮ್ಮಿದ್ದು ಅದಕ್ಕೇ. ನಿಜವಾದ ಕೆಮ್ಮಲ್ಲ ಅದು. ಬೈಬೇಡಿ."

ಅವಳು ಮೊದಲ ದಿನದ್ದು ತೆರೆದಳು. "ಸುಮ್ನಿರು ಅಂದವರ ಮುಂದೆ ನಾನು ಯಾವತ್ತೂ ಸುಮ್ನಿದ್ದವನಲ್ಲ, ಅಭ್ಯಾಸ ಇಲ್ಲ ನೋಡಿ. ನಿಮ್ಮ ಕೋಣೆ ಚೆನ್ನಾಗಿದೆ, ಅಷ್ಟೇ ಹೇಳ್ಬೇಕಿತ್ತು." ಎರಡನೆಯದು: "ನಿನ್ನೆ ಮಾತಾಡಿದ್ದಕ್ಕೆ ಬೈತೀರಿ ಅಂದ್ಕೊಂಡೆ. ಬೈಲಿಲ್ಲ. ಹಾಗಾದ್ರೆ ಇವತ್ತೂ ಮಾತಾಡ್ತೀನಿ." ಐದನೆಯದು: "ಐವತ್ತೆರಡು ವರ್ಷದವನಿಗೆ ಇದೆಲ್ಲ ಬೇಕಾ ಅಂತ ನಗ್ಬೇಡಿ. ಏನು ಬರೀತೀರಿ ಅಷ್ಟೊಂದು? ತಲೆ ಎತ್ತಿ ಸ್ವಲ್ಪ." ಏಳನೆಯದರಲ್ಲಿ ಬಹಳ ಹೊತ್ತು ಬರೀ ಉಸಿರಿತ್ತು. ಆಮೇಲೆ: "ನಿಮ್ಮನ್ನ ಕಂಡ್ರೆ ನಂಗಿಷ್ಟ. ಬೀದೀಲಿ ಅಷ್ಟು ಜೋರಾಗಿ ಕೂಗಿದೋನು, ಇಷ್ಟು ಮೆಲ್ಲಗೆ ಹೇಳೋಕೆ ಕೈಕಾಲು ನಡುಗ್ತಿದೆ... ಅಯ್ಯೋ, ನಕ್ಕಿರಿ! ನೋಡಿದೆ ನಾನು, ನಕ್ಕಿರಿ ನೀವು!"

ಅಕ್ಕನ ಮಾತು ನೆನೆದು ನಕ್ಕ ನಗು ಅದು. ಅವಳು ಮೇಜಿಗೆ ಹಣೆ ಒತ್ತಿ ಬಿಕ್ಕಿದಳು. ಅವನಿಗೇನು ಗೊತ್ತು, ಅವಳು ವಾಲ್ಯೂಮ್ ಇಳಿಸುವುದು? ಹಾಡು ಕೇಳುವ ಸ್ಪೀಕರಿನಲ್ಲೇ ಇದೂ ಕೇಳುತ್ತದೆ ಎಂದುಕೊಂಡಿದ್ದ. ಬೈಯಲಿಲ್ಲ, ಬೇಡವೆನ್ನಲಿಲ್ಲ, ದಿನಾ ಕರೆದು ಕೂರಿಸಿಕೊಂಡಳು. ಪಾಪ, ಅವನು ಬೇರೇನು ತಿಳಿಯಬೇಕಿತ್ತು!

ಹನ್ನೊಂದನೆಯದನ್ನು ಕೊನೆಗೆ ಉಳಿಸಿಕೊಂಡಿದ್ದಳು.

"ಇಷ್ಟು ದಿನ ಕೇಳಿಸ್ಕೊಂಡ್ರಿ. ಬೇಕು ಅನ್ನಲಿಲ್ಲ, ಬೇಡ ಅಂತಾನೂ ಅನ್ನಲಿಲ್ಲ. ನಿನ್ನೆ ನಿಮ್ಮ ಹಾಡು ಹಾಡಿದೆ, ಆಗಲೂ ತಲೆ ಎತ್ತಲಿಲ್ಲ. ಈಗ ಹೊರಗೆ ಬಂದು, ಏನಾದ್ರೂ ಹೇಳೋದಿದ್ಯಾ ಅಂತ ಕೇಳ್ತೀನಿ. ಸುಮ್ನೆ ಹುಷಾರಾಗಿ ಹೋಗಿ ಅಂತ ಕಳಿಸಿದ್ರೆ ಅರ್ಥ ಮಾಡ್ಕೋತೀನಿ, ಬೇಜಾರಿಲ್ಲ. ನಾಳೆಯಿಂದ ಕೇಳೋಕೆ ಗಂಟಲಿರಲ್ಲ. ಅದಕ್ಕೆ ಇವತ್ತೇ ಕೇಳ್ತಿದ್ದೀನಿ."

ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಸಮಯ ಮಧ್ಯಾಹ್ನ ಮೂರಕ್ಕೆ. ಅವಳು ಎರಡಕ್ಕೇ ಹೋಗಿ ನಿಂತಳು. ವಾರ್ಡಿನ ಬಾಗಿಲ ಬಳಿಯ ಬೆಂಚಿನಲ್ಲಿ ಅವನ ತಂಗಿ ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಅವನದೇ ಹುಬ್ಬು, ಗುರುತು ಹಿಡಿಯುವುದು ಕಷ್ಟವಾಗಲಿಲ್ಲ.

"ನೀವಾ ಆ ಇಂಜಿನಿಯರಮ್ಮ?" ಎಂದಳು ತಂಗಿ, ಸೂಜಿ ನಿಲ್ಲಿಸದೆ. "ನಿಮ್ಮನ್ನ ಕರೆಸ್ಲಾ ಅಂತ ಅಣ್ಣನ್ನ ಕೇಳಿದೆ. ಅವರು ಬರಲ್ಲ ಬಿಡು ಅಂತ ಬರೆದ."

"ಬಂದಿದ್ದೀನಲ್ಲ."

ತಂಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಊದಿದ ಕಣ್ಣಿನ ಮೇಲೆ ಅವಳ ನೋಟ ನಿಂತಿತು. "ಹೋಗಿ. ಎಡಗಡೆ, ಕೊನೇ ಹಾಸಿಗೆ," ಎಂದಳು.

ಅವನು ದಿಂಬಿಗೆ ಒರಗಿ ಕೂತಿದ್ದ. ಕುತ್ತಿಗೆಯ ಬುಡದಲ್ಲಿ ಬಿಳಿ ಬಟ್ಟೆ. ಉಸಿರು ಅಲ್ಲಿಂದಲೇ ಬಂದು ಹೋಗುತ್ತಿತ್ತು. ತೊಡೆಯ ಮೇಲೆ ಮಕ್ಕಳ ಸ್ಲೇಟು. ಅವಳನ್ನು ನೋಡಿ ಗಡಿಬಿಡಿಯಲ್ಲಿ ಕೂದಲು ಸರಿಮಾಡಿಕೊಂಡ. ಆಮೇಲೆ ಏನೋ ನೆನಪಾಗಿ ಮುಖ ಗಂಭೀರ ಮಾಡಿಕೊಂಡು ಬರೆದ: ಟೇಪು ಕೆಟ್ಟಿದೆಯಾ?

"ಹಾಡೆಲ್ಲ ಚೆನ್ನಾಗಿದೆ. ಮೌನದಲ್ಲಿ ಯಾರೋ ಮಾತಾಡಿದ್ದಾರೆ," ಎಂದಳು.

ಅವನು ಕಿಟಕಿಯ ಕಡೆ ತಿರುಗಿದ. ಅವಳು ಸ್ಟೂಲು ಎಳೆದುಕೊಂಡು ಕೂತು, ವಾಲ್ಯೂಮ್ ಇಳಿಸುವ ಅಭ್ಯಾಸ, ತಲೆ ತಗ್ಗಿಸಿ ಬರೆಯುವ ಚೀಟಿ, ಇವತ್ತಿನ ಬೆಳಿಗ್ಗೆ, ಎಲ್ಲ ಹೇಳಿದಳು. ಮುಗಿಸುವ ಹೊತ್ತಿಗೆ ಅವನು ಪೂರ್ತಿ ಅವಳ ಕಡೆ ತಿರುಗಿದ್ದ. ಸ್ಲೇಟು ಒರೆಸಿ ಬರೆದ: ಹನ್ನೊಂದು ದಿನವೂ?

"ಹನ್ನೊಂದು ದಿನಾನೂ. ಒಂದಕ್ಷರ ಕೇಳಿಲ್ಲ. ಕೇಳದೇ ಶುದ್ಧ ಅಂತ ಬರೆದಿಟ್ಟೆ. ಕೆಲಸ ಬಲ್ಲವಳು ಅಂತ ಮೆರೀತಿದ್ದೆ, ನೋಡಿ."

ಅವನ ಭುಜಗಳು ಅಲುಗತೊಡಗಿದವು. ನಗುತ್ತಿದ್ದ. ಕೋಣೆ ತುಂಬುತ್ತಿದ್ದ ಆ ನಗುವಿನಲ್ಲಿ ಈಗ ಬಟ್ಟೆಯ ಹಿಂದೆ ಗಾಳಿ ಸುಯ್ಯೆನ್ನುವುದಷ್ಟೇ ಕೇಳುತ್ತಿತ್ತು. ನಗುನಗುತ್ತಲೇ ಅವನ ಕಣ್ಣಿಂದ ನೀರಿಳಿಯಿತು. ಅವಳು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು, ಆದರೂ ಅಳು ತಡೆಯಲಾಗಲಿಲ್ಲ.

"ಇನ್ನೊಂದು ಸಲ ಹೇಳಿ ಅಂತ ಕೇಳೋಕೂ ಆಗಲ್ಲವಲ್ಲ ನಂಗೆ," ಎಂದಳು.

ಅವನು ಬಹಳ ನಿಧಾನವಾಗಿ ಬರೆದ: ನಿಮಗೆ ಇಷ್ಟವಾಗಿದ್ದು ಆ ದನಿ. ಅದು ಹೋಯಿತು.

"ಹೌದು, ಇಷ್ಟ. ಅದು ಹೋಯ್ತು ಅಂತ ಎಂಟು ದಿನದಿಂದ ಅಳ್ತಿದ್ದೀನಿ, ನಿಮ್ಮ ಮುಂದೆ ಸುಳ್ಳು ಹೇಳಲ್ಲ. ಆದ್ರೆ ಹನ್ನೊಂದು ದಿನ ಬೆಳಿಗ್ಗೆ ಎದ್ದು ಯಾವ ಬಟ್ಟೆ ಹಾಕೋದು ಅಂತ ಕಪಾಟೆಲ್ಲ ಕೆಡವ್ತಿದ್ದೆ. ಅದು ದನಿಗಾಗೇನ್ರೀ? ದನಿಗೆ ಕಣ್ಣಿರುತ್ತಾ?"

ಅವನು ಸ್ಲೇಟು ಪಕ್ಕಕ್ಕಿಟ್ಟ. ಆಮೇಲೆ ಅವನ ಬೆರಳು ಮಂಚದ ಕಬ್ಬಿಣದ ಕಂಬಿಯ ಮೇಲೆ ತಟ್ಟಿತು. ಟಕ್ ಟಕ, ಟಕ್ ಟಕ. ಬಾಯಿ ಸದ್ದಿಲ್ಲದೆ ಆಡುತ್ತಿತ್ತು. ಗೇಟಿನ ಹೊರಗೆ ಯಾರಿದ್ದೀರಿ?

ನಾಲ್ಕು ಸೆಕೆಂಡು. ಅದರ ಅಳತೆ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮೊದಲ ಸಲ ನಾಲ್ಕೂ ಖಾಲಿ ಹೋದವು. ಅವನು ಮತ್ತೆ ತಟ್ಟಿದ. ಕಣ್ಣು ಅವಳ ಮೇಲೇ ಇತ್ತು.

"ನಾನಿದ್ದೀನಿ, ನಾನಿದ್ದೀನಿ," ಎಂದು ಹಾಡಿದಳು. ಅಕ್ಕ ಎದ್ದು ಹೊರಗೆ ಹೋಗುವಂಥ ದನಿ. ಪಕ್ಕದ ಹಾಸಿಗೆಯವರು ಹೊದಿಕೆ ಸರಿಸಿ ನೋಡಿದರು. ಅವನು ಮುಖ ಕಿವುಚಿ, ಬೆರಳನ್ನು ಮೇಲಕ್ಕೆ ತೋರಿಸಿದ. ಶ್ರುತಿ ಇನ್ನೂ ಮೇಲೆ.

ನರ್ಸಮ್ಮ ಬಾಗಿಲಿನಿಂದಲೇ ಗದರಿದರು. "ಏನ್ರೀ ಇದು! ಇದು ಆಸ್ಪತ್ರೆ, ಇಲ್ಲಿ ಸದ್ದು ಮಾಡ್ಬಾರದು, ಸುಮ್ನಿರಿ."

ಇಪ್ಪತ್ತೆರಡು ವರ್ಷ ಬೇರೆಯವರಿಗೆ ಆ ಮಾತು ಹೇಳಿಕೊಂಡೇ ಬದುಕಿದವಳು ಅವಳು. ಒಮ್ಮೆ ನರ್ಸಮ್ಮನ ಕಡೆ ನೋಡಿದಳು, ಒಮ್ಮೆ ಅವನ ಕಡೆ ನೋಡಿದಳು. ಅವನ ಬೆರಳು ಕಂಬಿಯ ಮೇಲೆ ಮತ್ತೆ ತಟ್ಟಿ ನಿಂತಿತು. ಅವಳು ತಲೆ ಎತ್ತಿ, ಇನ್ನೂ ಜೋರಾಗಿ ಹಾಡಿದಳು.